ಹಂಚಿನ ಹಿಂದೊಂದು ಹೊಟ್ಟೆಪಾಡು

ಮಂಗಳೂರು ಹಂಚು ಅಂದ ಕೂಡಲೇ ನಮಗೆ ಕಣ್ಮುಂದೆ ಬರೋದು ಮಳೆ, ಕೆಂಪು ಮಾಡು, ಅಜ್ಜಿಮನೆ. ಈಗೀಗ ಹೋಂಸ್ಟೇ ಜಾಹೀರಾತು ಕೂಡ. ಹಳೇ ಹಂಚುಗಳ ಮೇಲೆ 'ಬಾಸೆಲ್ ಮಿಷನ್' ಎಂಬ ಅಚ್ಚು ಕಂಡಾಗಲೆಲ್ಲ ನನಗೆ ಒಂದೇ ಪ್ರಶ್ನೆ: ಬೈಬಲ್ ಹಿಡಿದು ಬಂದ ಪಾದ್ರಿಗಳಿಗೆ ಹಂಚಿನ ಕಾರ್ಖಾನೆ ಯಾಕೆ ಬೇಕಾಯ್ತು?

ಬಾಸೆಲ್ ಮಿಷನ್ ಶುರುವಾದದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಅದರ ಆಡಳಿತ ಅಲ್ಲಿನ ಸಾಹುಕಾರ ಮನೆತನಗಳ ಕೈಯಲ್ಲಿತ್ತು. ಹಡಗು ಹತ್ತಿದವರು ಮಾತ್ರ ಬಹುಪಾಲು ಪಕ್ಕದ ಜರ್ಮನ್ ಸೀಮೆ ವುರ್ಟೆಂಬರ್ಗಿನ ರೈತರ, ಕುಶಲಕರ್ಮಿಗಳ ಮಕ್ಕಳು. ಅವರೇನೂ ಹಸಿವು ಗೊತ್ತಿಲ್ಲದ ಸೀಮೆಯವರಲ್ಲ. ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದ ಮರುವರ್ಷ, 1816ರಲ್ಲಿ, ಯುರೋಪಿಗೆ ಬೇಸಿಗೆಯೇ ಸರಿಯಾಗಿ ಬರಲಿಲ್ಲ. ಬೆಳೆ ನೆಲಕಚ್ಚಿ ವುರ್ಟೆಂಬರ್ಗ್ ಉಪವಾಸ ಬಿತ್ತು. ಮುಂದೆ 1855ರಿಂದ ಮಿಷನ್ ವಾರಕ್ಕೊಂದು ಪುಡಿಕಾಸಿನ ಚಂದಾ ಶುರುಮಾಡಿತು. ಕೂಲಿನಾಲಿ ಮಾಡುವವರೂ ಅದಕ್ಕೆ ಕಾಸು ಹಾಕಿದರು. ಅಂದರೆ ಒಂದು ದೇಶದ ಬಡವರ ಕಾಸು ಇನ್ನೊಂದು ದೇಶದ ಬಡವರಿಗೆ ಬರುತ್ತಿತ್ತು. ಕ್ರೌಡ್‌ಫಂಡಿಂಗ್ ನಮ್ಮ ಕಾಲದ ಐಡಿಯಾ ಅಂದುಕೊಂಡವರು ಗಮನಿಸಿ.

1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರ ಮಾತಿಗೆ ಕಿವಿಗೊಟ್ಟವರಲ್ಲಿ ಬಿಲ್ಲವರು ಗಣನೀಯ ಸಂಖ್ಯೆಯಲ್ಲಿದ್ದರು. ಗೋಜಲು ಶುರುವಾಗೋದೇ ಇಲ್ಲಿ. ಅವರಲ್ಲಿ ಬಹಳಷ್ಟು ಜನರ ಹೊಟ್ಟೆಪಾಡು ಶೇಂದಿ ಇಳಿಸುವುದು. ಮಿಷನ್‌ನವರಿಗೆ ಶೇಂದಿ ಅಂದರೆ ಪಾಪ. ಕ್ರೈಸ್ತನಾಗಬೇಕಾ? ಮರ ಹತ್ತೋದು ಬಿಡು. ಬಿಟ್ಟ ಮೇಲೆ ಊಟಕ್ಕೇನು? ಜಾತಿಯವರು ಹೊರಗಿಡುತ್ತಿದ್ದರು, ಗೇಣಿಗೆ ಕೊಟ್ಟ ಗದ್ದೆಯನ್ನು ಒಡೆಯ ಕಸಿದುಕೊಳ್ಳಬಹುದಿತ್ತು. ಮತಾಂತರವಾದವರ ಆಸ್ತಿಹಕ್ಕು ಉಳಿಸಲು 1850ರಲ್ಲಿ ಕಂಪನಿ ಸರ್ಕಾರ ಕಾಯ್ದೆ ತಂದಿತು, ನಿಜ. ಆದರೆ ಆಸ್ತಿಯೇ ಇಲ್ಲದವನು ಆ ಕಾಯ್ದೆ ಇಟ್ಟುಕೊಂಡು ಏನು ಮಾಡ್ಬೇಕು?

ಬಡವರ ಉದ್ಧಾರಕ್ಕೆ ಬಂದವರು ಹೀಗೆ ಕೆಲವರನ್ನು ತಾವೇ ನಿರ್ಗತಿಕರನ್ನಾಗಿಸಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದರಿಂದಲೇ ಏನೇನೋ ಪ್ರಯತ್ನ ಮಾಡಿದರು. ಬೇಸಾಯಕ್ಕೆ ಜಮೀನು ಕೊಟ್ಟು ನೋಡಿದರು, ಮರಗೆಲಸ ಕಲಿಸಿದರು. ಮುದ್ರಣಾಲಯ ಬಂತು. 1851ರಲ್ಲಿ ಹಾಲರ್ ಎಂಬ ನೇಕಾರ ಬಂದು ಮಗ್ಗ ಹೂಡಿದ. ಖಾಕಿ ಬಣ್ಣದ ಕಥೆಯಲ್ಲೂ ಆ ಮಗ್ಗಕ್ಕೊಂದು ಪಾಲಿದೆ ಅನ್ನುತ್ತಾರೆ, ಅದಿರಲಿ. 1859ರಲ್ಲಿ ವ್ಯಾಪಾರಕ್ಕೆಂದೇ ಬಾಸೆಲ್‌ನಲ್ಲಿ ಪ್ರತ್ಯೇಕ ಕಂಪನಿ ಕಟ್ಟಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬುವನು ಇಲ್ಲಿನ ನದಿದಂಡೆಯ ಜೇಡಿಮಣ್ಣು ಪರೀಕ್ಷಿಸಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಅದು ಕೈಹಿಡಿಯಿತು.

ಕೆಲಸ ಸಿಕ್ಕಿತು, ಸಂಬಳ ಸಿಕ್ಕಿತು. ಹೆಂಗಸರಿಗೂ ಕೂಲಿ ಸಿಕ್ಕಿತು. ಹಿಂದೆ ಒಬ್ಬರ ಮನೆಯೊಳಗೆ ಇನ್ನೊಬ್ಬರು ಕಾಲಿಡದ ಜಾತಿಯವರು ಒಂದೇ ಸೂರಿನಡಿ ದುಡಿದರು. ಇದನ್ನು ಸಣ್ಣ ಬದಲಾವಣೆ ಅನ್ನಲಾರೆ. ಆದರೆ ಇನ್ನೊಂದು ಮಗ್ಗುಲೂ ಇದೆ. ಕೆಲಸ ಮಿಷನ್ನಿನದು, ಎಷ್ಟೋ ಜನರಿಗೆ ವಾಸದ ಜಾಗವೂ ಮಿಷನ್ನಿನದು, ಭಾನುವಾರ ಪ್ರಸಂಗ ಮಾಡುವವರೂ ಅವರೇ. ಪಾದ್ರಿಯ ಜೊತೆ ಜಗಳವಾಡಿದವನು ಸೋಮವಾರ ಯಾವ ಧೈರ್ಯದಲ್ಲಿ ಕಾರ್ಖಾನೆಗೆ ಹೋದಾನು? ಅನ್ನಕ್ಕಾಗಿ ಕ್ರೈಸ್ತರಾದರು ಅಂತ ಹೀಯಾಳಿಸೋದು ಸುಲಭ. ನನಗಂತೂ ಆ ಮಾತು ಒಗ್ಗೋದಿಲ್ಲ. ಇದ್ದ ಅನ್ನವನ್ನೇ ಬಿಟ್ಟು ಬಂದವರೂ ಅವರಲ್ಲಿದ್ದರು. ಹಾಗಂತ ಒಡೆಯನೂ ಗುರುವೂ ಒಬ್ಬನೇ ಆದದ್ದನ್ನು ಬರೀ ಸೇವೆ ಅಂತ ಕರೆಯೋಕೂ ಮನಸ್ಸು ಒಪ್ಪಲ್ಲ. ನಮ್ಮ ಆಫೀಸಿನ ಸಿಎಸ್‌ಆರ್ ಸ್ಲೈಡಿನಲ್ಲಿ 'ಫಲಾನುಭವಿಗಳು' ಎಂಬ ಕಾಲಂ ಕಂಡಾಗ ನನಗೆ ಜೆಪ್ಪು ನೆನಪಾಗುತ್ತದೆ: ಈ ಜನ ನಮಗೆ 'ಬೇಡ' ಅನ್ನುವ ಸ್ಥಿತಿಯಲ್ಲಿದ್ದಾರಾ?

ಈ ಗಂಟು ಬಿಚ್ಚಿದ್ದು ಮಾತ್ರ ಯಾವ ಪಾದ್ರಿಯೂ ಅಲ್ಲ, ಯುದ್ಧ. 1914ರಲ್ಲಿ ಬ್ರಿಟಿಷರಿಗೆ ಜರ್ಮನರು ಶತ್ರುಗಳಾದರು. ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಕೊನೆಗೆ ದೇಶದಿಂದಲೇ ಕಳಿಸಿಬಿಟ್ಟರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ಚರ್ಚು ಒಂದು ಕಡೆ, ಸಂಬಳ ಇನ್ನೊಂದು ಕಡೆ ಆಯಿತು. ಮಾಲೀಕರು ಬದಲಾದರು, ಮಣ್ಣು ತುಳಿಯುವ ಕೆಲಸ ಬದಲಾಗಲಿಲ್ಲ.