ನೀರಿಗೆ ಮಡಿ, ಮನುಷ್ಯನಿಗೆ ಮೈಲಿಗೆ

ಮಡಿ ಅಂದರೆ ಒಗೆದ ಬಟ್ಟೆ. ಒಗೆದು ಕೊಟ್ಟವನು ಮಡಿವಾಳ. ಊರಿಗೆಲ್ಲ ಮಡಿ ಹಂಚಿದವನನ್ನೇ ಕೀಳು ಅಂತ ಹೊಸಿಲಾಚೆ ನಿಲ್ಲಿಸಿದ ಸಮಾಜ ನಮ್ಮದು. 12ನೇ ಶತಮಾನದಲ್ಲಿ ಮಡಿವಾಳ ಮಾಚಯ್ಯ ಶರಣರ ಬಟ್ಟೆ ಒಗೆಯುತ್ತಲೇ ವಚನಕಾರನಾದ. ಕಲ್ಯಾಣದಲ್ಲಿ ಅವನ ಕಾಯಕಕ್ಕೆ ಗೌರವ ಸಿಕ್ಕಿತು. ಕಲ್ಯಾಣದಾಚೆ ಒಗೆಯೋ ಕಲ್ಲೂ ಅದೇ, ಜಾತಿಯೂ ಅದೇ.

ನಮ್ಮ ಕೇರಿಗಳಿಗೆ ಆ ಮಡಿಯೂ ಬರಲಿಲ್ಲ. ನಮ್ಮ ಬಟ್ಟೆ ಮುಟ್ಟಿದ ಅಗಸನಿಗೆ ಊರಲ್ಲಿ ಕೂಳಿಲ್ಲ. ತಪ್ಪು ಅವನದಲ್ಲ, ಅವನನ್ನೂ ನಮ್ಮನ್ನೂ ಮೆಟ್ಟಿಲು ಮಾಡಿಕೊಂಡವರದು. ತಮಿಳುನಾಡಿನಲ್ಲಿ ದಲಿತರ ಬಟ್ಟೆ ಒಗೆಯಲಿಕ್ಕೇ ಇನ್ನೊಂದು ಜಾತಿಯನ್ನು ಅವರಿಗಿಂತ ಕೆಳಗಿಟ್ಟರು. ತಿರುನಲ್ವೇಲಿ ಜಿಲ್ಲೆಯ ಈ ವಣ್ಣಾರರು ಹಗಲಲ್ಲಿ ಯಾರ ಕಣ್ಣಿಗೂ ಬೀಳುವಂತಿಲ್ಲ, ರಾತ್ರಿ ಕತ್ತಲಲ್ಲೇ ಕೆಲಸ ಅಂತ 1932ರಲ್ಲಿ ‘ದಿ ಹಿಂದೂ’ ಪತ್ರಿಕೆ ವರದಿ ಮಾಡಿತ್ತು.

ಈಗ ನೀರಿನ ಮಾತಿಗೆ ಬರೋಣ. ಕೊಳೆ ನೀರನ್ನು ಶುದ್ಧ ಮಾಡೋದು ಹೊಸ ವಿಜ್ಞಾನ ಅಂತಾರೆ. ಆದರೆ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದ ಮೇಲೆ ಸವರ್ಣರು ಏನು ಮಾಡಿದರು? 108 ಕೊಡಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ತಂದು ಕೆರೆಗೆ ಸುರಿದು ‘ಶುದ್ಧಿ’ ಮಾಡಿದರು. ಒಳ್ಳೆಯ ನೀರನ್ನು ಕೆಡಿಸಿ ಶುದ್ಧವಾಯ್ತು ಎಂದ ದೇಶ ಇದು.

ಅದೇ ದೇಶ ನಿಜವಾದ ವಿಷವನ್ನು ಏನು ಮಾಡಿತು? ತಿರುಪ್ಪೂರನ್ನು ನೋಡಿ. ಲೋಕಕ್ಕೆಲ್ಲ ಬನಿಯನ್ನು ಹೊಲಿಯುವ ಊರು. ಅಲ್ಲಿ ಬಟ್ಟೆಯನ್ನು ಬಿಳಿ ಮಾಡಿ, ಉಪ್ಪು ಬೆರೆಸಿದ ಬಣ್ಣದಲ್ಲಿ ಅದ್ದಿ, ಮತ್ತೆ ಮತ್ತೆ ತೊಳೆಯುತ್ತಾರೆ. ತೊಳೆದ ನೀರು ಎಷ್ಟೋ ವರ್ಷ ನೊಯ್ಯಲ್ ನದಿಗೆ ಹರಿಯಿತು. ನೊಯ್ಯಲ್ ಸೇರುವುದು ನಮ್ಮ ಕೊಡಗಿನಲ್ಲಿ ಹುಟ್ಟುವ ಕಾವೇರಿಯನ್ನೇ. ಹೊಲಕ್ಕೆ ನೀರುಣಿಸಲು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯ್ತು. ಈ ನೀರು ಬೇಡ ಎಂದು ರೈತರೇ ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಘಟಕಗಳನ್ನೇ ಮುಚ್ಚಿಸಿತು: ಹನಿ ಕೊಳೆಯೂ ಹೊರಗೆ ಬರಕೂಡದು.

ಆಗ ವಿದ್ಯೆ ನೆನಪಾಯಿತು. ನೀರನ್ನು ತೊಟ್ಟಿಯಲ್ಲಿ ಕೂಡಿಸಿ, ಹುಳಿ-ಕ್ಷಾರ ಸಮ ಮಾಡಿ, ಕಣ್ಣಿಗೆ ಕಾಣದ ಜೀವಾಣುಗಳಿಂದ ಕೊಳೆ ತಿನ್ನಿಸುತ್ತಾರೆ. ಸೋಸುತ್ತಾರೆ. ಆಮೇಲೆ ಒತ್ತಡ ಹಾಕಿ ತೆಳು ಪೊರೆಯೊಳಗೆ ತೂರಿಸುತ್ತಾರೆ. ನೀರು ಆಚೆ, ಉಪ್ಪು ಈಚೆ. ಉಳಿದ ಉಪ್ಪುನೀರನ್ನು ಕುದಿಸಿ ಉಪ್ಪನ್ನೂ ವಾಪಸ್ ಪಡೆಯುತ್ತಾರೆ. ನೂರರಲ್ಲಿ 90 ಪಾಲಿಗೂ ಮೀರಿ ನೀರು ಮತ್ತೆ ಬಣ್ಣದ ತೊಟ್ಟಿಗೇ ಹೋಗುತ್ತದೆ. ಖರ್ಚು ಹೆಚ್ಚು, ಕರೆಂಟು ಹೆಚ್ಚು, ಉಳಿಯುವ ಕೆಸರಿನ ತಲೆನೋವೂ ಇದೆ. ಆದರೂ ಒಳ್ಳೇ ಕೆಲಸ. ನಾವು ವಿಜ್ಞಾನದ ವಿರೋಧಿಗಳಲ್ಲ. ಬಳ್ಳಾರಿಯ ಜೀನ್ಸ್ ತೊಳೆಯುವ ನೀರಿಗೂ ಇದೇ ಕಟ್ಟುನಿಟ್ಟು ಬೇಕು.

ಆದರೆ ಕೇಳಿ. 2025ರ ಮೇ ತಿಂಗಳಲ್ಲಿ ಅದೇ ತಿರುಪ್ಪೂರಿನ ಬಣ್ಣದ ಘಟಕವೊಂದರ ಮಲದ ಗುಂಡಿಗೆ ಇಳಿದ ದಲಿತ ಕೆಲಸಗಾರರು ಉಸಿರುಗಟ್ಟಿ ಸತ್ತರು. ಇಂಥ ಗುಂಡಿಗಳಲ್ಲಿ ಕೂಡುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಹೆಚ್ಚಾದರೆ ಮೂಗಿನ ಶಕ್ತಿಯೇ ಹೋಗಿ ನಾತವೂ ತಿಳಿಯೋದಿಲ್ಲ. ರಕ್ಷಣೆಯಿಲ್ಲದೆ ಮನುಷ್ಯನನ್ನು ಗುಂಡಿಗಿಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಚರಂಡಿ ಸಾವಿಗೆ ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ, 2023ರಲ್ಲಿ 30 ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು. ಪರಿಹಾರದ ಮೊತ್ತ ಏರಿತು, ಗುಂಡಿಗಿಳಿಯೋ ಜಾತಿ ಬದಲಾಗಲಿಲ್ಲ.

ಬಟ್ಟೆಯ ನೀರಿಗೆ ಪೊರೆ ಉಂಟು, ಯಂತ್ರ ಉಂಟು, ಕೋಟಿಗಟ್ಟಲೆ ಹಣ ಉಂಟು. ನಮ್ಮ ಹುಡುಗರಿಗೆ ಒಂದು ಹಗ್ಗ, ಒಂದು ಬಕೆಟ್ಟು. ತಂತ್ರಜ್ಞಾನ ಸಾಲದೆ ಇವರು ಸತ್ತದ್ದಲ್ಲ. ಅದೇ ಕಾಂಪೌಂಡಿನೊಳಗೆ ನಮ್ಮ ಜೀವ ಯಂತ್ರಕ್ಕಿಂತ ಅಗ್ಗ, ಅದಕ್ಕೇ ಸತ್ತದ್ದು.

ಗೆಳೆಯರೇ, ಮೇಷ್ಟ್ರುಗಳೇ, ನಿಮ್ಮೂರಿನ ಬಳಿ ಬಟ್ಟೆ ತೊಳೆಯುವ ಕಾರ್ಖಾನೆಯಿದ್ದರೆ ಎರಡು ಪ್ರಶ್ನೆ ಕೇಳಿ. ತೊಳೆದ ನೀರು ಎಲ್ಲಿಗೆ ಹೋಗ್ತದೆ? ಗುಂಡಿಗೆ ಯಾರು ಇಳೀತಾರೆ? ಎರಡನೆಯದಕ್ಕೆ ‘ಯಾರೂ ಇಲ್ಲ’ ಅನ್ನೋ ಉತ್ತರ ಸಿಗುವವರೆಗೆ ಮೊದಲನೆಯ ಉತ್ತರವನ್ನು ನಾವು ಒಪ್ಪುವುದಿಲ್ಲ.