ಚಿತ್ರದುರ್ಗ ಜಿಲ್ಲೆಯ ಉದ್ಯಮಗಳಲ್ಲಿ ತೋಟದ ಉಳಿಕೆಗಳ ಮರುಬಳಕೆ

ಚಿತ್ರದುರ್ಗ ಜಿಲ್ಲೆಯ ತೋಟಗಾರಿಕೆ ಆಧಾರಿತ ಉದ್ಯಮಗಳಲ್ಲಿ ಮರುಬಳಕೆಯಾಗುವ ಮುಖ್ಯ ಉಳಿಕೆಗಳೆಂದರೆ ತೆಂಗಿನ ಮಟ್ಟೆ, ಚಿಪ್ಪು, ಅಡಿಕೆ ಹಾಳೆ ಮತ್ತು ಸಿಪ್ಪೆ. ಹಿರಿಯೂರು, ಹೊಸದುರ್ಗ ತಾಲ್ಲೂಕುಗಳಲ್ಲಿ ತೆಂಗು, ಹೊಳಲ್ಕೆರೆಯಲ್ಲಿ ಅಡಿಕೆ ಪ್ರಮುಖ ಬೆಳೆಗಳು. ಮರುಬಳಕೆಯಿಂದ ಪರಿಸರಕ್ಕೂ ಉದ್ಯಮಿಗೂ ಲಾಭ ಎಂಬ ಮಾತು ಎಲ್ಲ ಉಳಿಕೆಗೂ ಸಮನಾಗಿ ಅನ್ವಯಿಸುವುದಿಲ್ಲ. ಉಳಿಕೆ ಬೆರಕೆಯಾಗದೆ ಒಂದೇ ಕಡೆ ರಾಶಿಯಾಗಿ ಸಿಗಬೇಕು. ಕೊಳ್ಳುವವರು ಸಾಗಣೆಗೆ ಎಟಕುವ ದೂರದಲ್ಲಿರಬೇಕು. ಈ ಎರಡೂ ಕೂಡಿದಲ್ಲಿ ಮಾತ್ರ ಕಸ ಸರಕಾಗುತ್ತದೆ.

ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡು, ಮಳೆ ಕಡಿಮೆಯಿರುವ ಹಿರಿಯೂರು ಸೀಮೆಯ ತೋಟಗಳಿಗೆ ನೀರಾಸರೆಯಾಯಿತು. ಆ ತೋಟಗಳ ತೆಂಗಿನ ಮಟ್ಟೆ ಒಲೆಗೆ ಸೌದೆಯೂ ಮರದ ಬುಡದಲ್ಲಿ ತೇವ ಕಾಯುವ ಹೊದಿಕೆಯೂ ಆಗಿ ಬಳಕೆಯಾಗುತ್ತಿತ್ತು. ಆದರೆ ಮಟ್ಟೆಯಿಂದ ನಾರು ತೆಗೆಯುವ ಉದ್ಯಮ ಭಾರತದಲ್ಲಿ ಬೆಳೆದದ್ದು ಕೇರಳದ ಹಿನ್ನೀರಿನ ದಡದಲ್ಲಿ. ಅಲ್ಲಿ ಹಸಿ ಮಟ್ಟೆಯನ್ನು ತಿಂಗಳುಗಟ್ಟಲೆ ಕೊಳೆಹಾಕಿ ಬಿಳಿ ನಾರು ತೆಗೆಯುತ್ತಿದ್ದರು. ಅದರಿಂದ ನೀರು ಕೆಡುತ್ತಿತ್ತು. ಈ ಉದ್ಯಮದ ಬೆಳವಣಿಗೆಗಾಗಿ 1953ರ ಕಾಯ್ದೆಯಡಿ ಕೇಂದ್ರ ಸರ್ಕಾರ ತೆಂಗಿನ ನಾರು ಮಂಡಳಿಯನ್ನು ರಚಿಸಿತು. ಯಂತ್ರದಿಂದ ಕಂದು ನಾರು ಬಿಡಿಸುವ ಪದ್ಧತಿ ಹಿನ್ನೀರಿಲ್ಲದ ಒಳನಾಡಿಗೂ ಈ ಉದ್ಯಮದ ದಾರಿ ತೆರೆಯಿತು. ಕಾಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುವ ಕಡೆ ಕಂದು ನಾರಿಗೆ ಬೇಕಾದ ಒಣ ಮಟ್ಟೆ ಸುಲಿಯುವಾಗಲೇ ರಾಶಿ ಬೀಳುತ್ತದೆ. ಚಿಪ್ಪಿನ ಇದ್ದಿಲು ನೀರು ಶೋಧಿಸುವ ಸಕ್ರಿಯ ಇಂಗಾಲಕ್ಕೆ ಕಚ್ಚಾವಸ್ತು.

ಮಟ್ಟೆಯ ಮರುಬಳಕೆ ಹೊಸದೊಂದು ಕಸವನ್ನೂ ಹುಟ್ಟಿಸಿತು. ಮಟ್ಟೆಯಲ್ಲಿ ನಾರು ಸುಮಾರು ಮೂರನೇ ಒಂದು ಪಾಲು, ಮಿಕ್ಕಿದ್ದೆಲ್ಲ ಪುಡಿ. ಲಿಗ್ನಿನ್ ಹೆಚ್ಚಿರುವುದರಿಂದ ಅದು ಬೇಗ ಕೊಳೆಯದು. ಗುಡ್ಡೆ ಬಿದ್ದ ಪುಡಿಯಿಂದ ಮಳೆಗಾಲದಲ್ಲಿ ಒಗರು ನೀರು ಹರಿಯುತ್ತದೆ, ಬೆಂಕಿ ತಗುಲಿದರೆ ಹೊಗೆ ಬೇಗ ಅಡಗದು. ಅಣಬೆ ಜಾತಿಯ ಶಿಲೀಂಧ್ರ ಸೇರಿಸಿ ಗೊಬ್ಬರ ಮಾಡುವ ವಿಧಾನ ಒಂದು ಪರಿಹಾರ. ಉಪ್ಪಿನಂಶ ತೊಳೆದು ಇಟ್ಟಿಗೆಯಾಗಿ ಒತ್ತಿದ ಪುಡಿ, ತೂಕದ ಹಲವು ಪಟ್ಟು ನೀರು ಹಿಡಿಯುವ ಗುಣದಿಂದ, ಹಸಿರುಮನೆ ಬೇಸಾಯದಲ್ಲಿ ಪೀಟ್‌ಗೆ ಬದಲಿಯಾಯಿತು. ಜೌಗು ನೆಲದಿಂದ ಪೀಟ್ ಅಗೆದಾಗ ಸಾವಿರಾರು ವರ್ಷ ಹುದುಗಿದ್ದ ಇಂಗಾಲ ಹೊರಬೀಳುತ್ತದೆ. ಆ ನಷ್ಟವೂ ಇದರಿಂದ ತಗ್ಗುತ್ತದೆ. ಭಾರತದ ನಾರು ಉತ್ಪನ್ನಗಳ ರಫ್ತಿನಲ್ಲಿ ಇಂದು ಈ ಪುಡಿಯದು ದೊಡ್ಡ ಪಾಲು.

ಅಡಿಕೆಯಲ್ಲಿ ಎರಡು ಬಗೆಯ ಫಲ ಕಾಣುತ್ತದೆ. ಅಡಿಕೆ ಬೇಯಿಸಿದ ಚೊಗರನ್ನು ಬೆಳೆಗಾರರು ಚೆಲ್ಲದೆ ಮುಂದಿನ ಅಡಿಕೆಗೆ ಬಣ್ಣ ಕಟ್ಟಲು ಬಳಸುತ್ತಾರೆ. ಅಡಿಕೆ ಹಾಳೆಯಿಂದ ಒತ್ತಿ ಮಾಡುವ ತಟ್ಟೆಗೆ ಮಾರುಕಟ್ಟೆ ಹಿಗ್ಗಲು ಕಾನೂನೂ ನೆರವಾಯಿತು: ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ನಿಷೇಧಿಸಿತು, 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧ ಜಾರಿಗೆ ಬಂತು. ಹಸಿ ಸಿಪ್ಪೆಯ ಸ್ಥಿತಿ ಬೇರೆ. ಅದಕ್ಕೆ ತೂಕ ಹೆಚ್ಚು, ಬೆಲೆ ಕಡಿಮೆ. ಸುಗ್ಗಿಯಲ್ಲಿ ಒಮ್ಮೆಲೇ ಬಂದು ಬೀಳುವುದರಿಂದ ಅಡಿಕೆ ಸೀಮೆಯಲ್ಲಿ ರಸ್ತೆ ಬದಿಗೆ ಸುರಿದು ಸುಡುವುದು ಇನ್ನೂ ನಿಂತಿಲ್ಲ.

ಮಟ್ಟೆಯನ್ನು ಕಾರ್ಖಾನೆಗೆ ಮಾರಿದರೆ ಅದರಲ್ಲಿರುವ ಪೊಟ್ಯಾಷ್ ತೋಟದ ಕೈತಪ್ಪುತ್ತದೆ, ಅದನ್ನು ಗೊಬ್ಬರದ ಅಂಗಡಿಯಿಂದ ಕೊಳ್ಳಬೇಕಾಗುತ್ತದೆ ಎಂಬ ಆಕ್ಷೇಪವಿದೆ. ಅದು ಸರಿಯಾದ ಆಕ್ಷೇಪವೇ. ಬರ ಬೀಳುವ ಹಿರಿಯೂರಿನಲ್ಲಿ ತೇವ ಕಾಯುವ ಹೊದಿಕೆಗೂ ಬೆಲೆಯಿದೆ. ಪುಡಿಯ ಒಂದಂಶವಾದರೂ ಗೊಬ್ಬರವಾಗಿ ತೋಟಕ್ಕೆ ಮರಳಿದರೆ ಈ ನಷ್ಟ ಸ್ವಲ್ಪಮಟ್ಟಿಗೆ ತುಂಬುತ್ತದೆ. ಸಣ್ಣ ಘಟಕಗಳಿಗೆ ಯಂತ್ರ, ಸಾಗಣೆಯ ವೆಚ್ಚ ಹೊರೆ ಎಂಬ ಆಕ್ಷೇಪಕ್ಕೆ ಉತ್ತರ ಸಹಕಾರ ಪದ್ಧತಿಯಲ್ಲಿದೆ: ಹಲವು ತೋಟಗಳ ಉಳಿಕೆ ಒಂದೇ ಘಟಕಕ್ಕೆ ಬಂದರೆ ಯಂತ್ರ ವರ್ಷವಿಡೀ ಓಡುತ್ತದೆ. ಮರುಬಳಕೆಯ ಲಾಭವನ್ನು ಮಾರಾಟದ ಹಣದಿಂದಷ್ಟೇ ಅಳೆಯದೆ, ತೋಟ ಕಳೆದುಕೊಂಡ ಸಾರವನ್ನೂ ಕಳೆದು ಲೆಕ್ಕ ಹಾಕುವುದೇ ಸರಿಯಾದ ಕ್ರಮ.