ಇಂಟರ್‌ಕೂಲರ್ ಪೈಪು

ಟರ್ಬೊಚಾರ್ಜರ್ ಇರುವ ವಾಹನದಲ್ಲಿ ಒತ್ತಡದ ಗಾಳಿಯನ್ನು ಟರ್ಬೊದಿಂದ ಇಂಟರ್‌ಕೂಲರ್‌ಗೂ ಅಲ್ಲಿಂದ ಎಂಜಿನ್ನಿಗೂ ಒಯ್ಯುವ ಕೊಳವೆ. ಇಂಟರ್‌ಕೂಲರ್‌ಗೆ ಹೋಗುವ ಭಾಗವನ್ನು ಬಿಸಿ ಬದಿ ಎಂದೂ ಅದರಿಂದ ಹೊರಬರುವ ಭಾಗವನ್ನು ತಂಪು ಬದಿ ಎಂದೂ ಕರೆಯುತ್ತಾರೆ. ಕಾರ್ಖಾನೆಯಿಂದ ಬರುವ ಪೈಪು ಸಾಮಾನ್ಯವಾಗಿ ಒಳಗೆ ನೂಲಿನ ಪದರವಿರುವ ರಬ್ಬರಿನದು, ಇಲ್ಲವೆ ಗಾಜಿನ ಎಳೆ ಬೆರೆಸಿದ ನೈಲಾನಿನದು. ಇದು ಹಳತಾಗಿ ಒಡೆದಾಗ, ಅಥವಾ ದೊಡ್ಡ ಇಂಟರ್‌ಕೂಲರ್ ಕೂರಿಸಿದಾಗ, ಕಡಿಮೆ ಖರ್ಚಿನಲ್ಲಿ ಯಾವ ಪೈಪು ಹಾಕಿಸುವುದು ಎಂಬ ಪ್ರಶ್ನೆ ಏಳುತ್ತದೆ.

ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನ ಸನವಳ್ಳಿಯಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರವೂ ಬಿಡಿಭಾಗಗಳ ಅಂಗಡಿಗಳಿಂದ ತುಂಬಿರುವ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ಉತ್ತರವೂ ಒಂದೇ ಆಗಬೇಕಿಲ್ಲ. ಸನವಳ್ಳಿ ಇರುವುದು ಬಯಲುಸೀಮೆ ಮಲೆನಾಡಿಗೆ ತಾಗುವ ಜಾಗದಲ್ಲಿ. ಹುಬ್ಬಳ್ಳಿ ಕಡೆಗೆ ಹೊರಟರೆ ರಸ್ತೆ ಹೆಚ್ಚುಕಡಿಮೆ ಸಮತಟ್ಟು. ಯಲ್ಲಾಪುರ ದಾಟಿ ಅಂಕೋಲಾಕ್ಕೆ ಇಳಿದರೆ ಅರಬೈಲ್ ಘಟ್ಟ, ಶಿರಸಿಯಿಂದ ಕುಮಟಾಕ್ಕೆ ಹೋದರೆ ದೇವಿಮನೆ ಘಟ್ಟ, ಜೋಯಿಡಾದಿಂದ ಕಾರವಾರದ ಹಾದಿ ಹಿಡಿದರೆ ಅಣಶಿ ಘಟ್ಟ. ತಿರುಗಿ ಮೇಲೇರುವಾಗ ಜನ ತುಂಬಿದ ಗಾಡಿ ಎರಡನೇ ಗೇರಿನಲ್ಲಿ ನಿಧಾನವಾಗಿ ಹತ್ತುತ್ತದೆ. ಟರ್ಬೊ ಬಹಳ ಹೊತ್ತು ಪೂರ್ತಿ ಒತ್ತಡ ಕೊಡುತ್ತಿರುತ್ತದೆ, ಆದರೆ ವೇಗವಿಲ್ಲದ್ದರಿಂದ ಇಂಟರ್‌ಕೂಲರ್ ಮೇಲೆ ಸಾಕಷ್ಟು ಗಾಳಿ ಬೀಸುವುದಿಲ್ಲ. ಹೀಗಾಗಿ ಪೈಪಿನ ನಿಜವಾದ ಪರೀಕ್ಷೆ ಹೆದ್ದಾರಿಯ ಓಟದಲ್ಲಿ ಅಲ್ಲ, ಘಟ್ಟದ ಏರಿನಲ್ಲಿ ನಡೆಯುತ್ತದೆ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಟರ್ಬೊಚಾರ್ಜರಿನ ಮೂಲ ಕಲ್ಪನೆಗೆ ಪೇಟೆಂಟ್ ಪಡೆದ. ಎಂಜಿನ್ ಹೊರಗೆಸೆಯುವ ಹೊಗೆಯ ಬಲದಿಂದ ಚಕ್ರ ತಿರುಗಿಸಿ ಒಳಗೆ ಹೋಗುವ ಗಾಳಿಯನ್ನು ಒತ್ತುವುದೇ ಅದರ ಕೆಲಸ. ಒತ್ತಿದ ಗಾಳಿ ಕಾಯುತ್ತದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದು ಟರ್ಬೊ 1 ಬಾರ್ ಹೆಚ್ಚುವರಿ ಒತ್ತಡ ಕೊಟ್ಟರೆ, ಬಿಸಿ ಬದಿಯ ಗಾಳಿ ಸುಮಾರು 120 ಡಿಗ್ರಿ ಮುಟ್ಟುತ್ತದೆ. ಒತ್ತಡ ಏರಿದಂತೆ ಇದೂ ಏರುತ್ತದೆ. ಇಂಟರ್‌ಕೂಲರ್ ಆ ಗಾಳಿಯನ್ನು ಪ್ರತಿ 10 ಡಿಗ್ರಿ ತಣಿಸಿದಾಗಲೂ ಗಾಳಿಯ ಸಾಂದ್ರತೆ ಹತ್ತಿರಹತ್ತಿರ ಶೇ. 3ರಷ್ಟು ಹೆಚ್ಚುತ್ತದೆ. ಬಿಸಿ ಬದಿಗೆ ಆರಿಸುವ ವಸ್ತು ಈ ಶಾಖವನ್ನು ಗಂಟೆಗಟ್ಟಲೆ ತಾಳಬೇಕು. ತಂಪು ಬದಿಗೆ ಅಷ್ಟು ಕಾಟವಿಲ್ಲ.

ಅಡಿಕೆ ತೋಟ, ಗದ್ದೆ ಇರುವ ಕಡೆ ಕೈಗೆ ಮೊದಲು ಸಿಗುವುದು ನೀರಾವರಿಯ ಪಿವಿಸಿ ಪೈಪು. ಅಳತೆ ಸರಿಹೊಂದುತ್ತದೆ, ಬೆಂಡುಗಳೂ ಸಿಗುತ್ತವೆ, ಬೆಲೆಯೂ ಕಡಿಮೆ. ಆದರೂ ಇದನ್ನು ಬಳಸಲೇಬಾರದು. ಪಿವಿಸಿ ಸುಮಾರು 80 ಡಿಗ್ರಿಗೇ ಮೆತ್ತಗಾಗುತ್ತದೆ, ಒತ್ತಡ ತಾಳುವ ಶಕ್ತಿಯನ್ನು ಅದಕ್ಕಿಂತ ಬಹಳ ಮೊದಲೇ ಕಳೆದುಕೊಳ್ಳುತ್ತದೆ. ತಣ್ಣಗಿರುವಾಗ ಒಡೆದರೆ ಚೂರುಗಳಾಗಿ ಸಿಡಿಯುತ್ತದೆ. ತಂಪು ಬದಿಯಲ್ಲಿ ಹಾಗಾದರೆ ಚೂರು ನೇರ ಎಂಜಿನ್ನಿನ ಬಾಯಿಗೆ. ಪಂಪ್‌ಸೆಟ್ಟಿನ ಸಕ್ಷನ್ ಪೈಪಿನ ಹಣೆಬರಹವೂ ಇದೇ. ರೇಡಿಯೇಟರ್ ಹೋಸ್ ಇದಕ್ಕಿಂತ ಮೇಲು, ಶಾಖ ತಾಳುತ್ತದೆ. ಆದರೆ ಅದರ ಇಪಿಡಿಎಂ ರಬ್ಬರಿಗೆ ಎಣ್ಣೆ ಆಗದು. ಟರ್ಬೊ ಪೈಪಿನೊಳಗೆ ಎಂಜಿನ್ ಆಯಿಲಿನ ಆವಿ ಸದಾ ಸ್ವಲ್ಪ ಇದ್ದೇ ಇರುವುದರಿಂದ ಆ ಹೋಸು ಉಬ್ಬಿ, ಮೆತ್ತಗಾಗಿ, ಕ್ಲಾಂಪಿನ ಕೆಳಗಿನಿಂದ ಜಾರುತ್ತದೆ.

ಲೋಹಗಳಲ್ಲಿ ಆಯ್ಕೆಗೆ ಬರುವವು ಮೂರು. ಅಲ್ಯೂಮಿನಿಯಂ ಹಗುರ, ತುಕ್ಕಿನ ಭಯವಿಲ್ಲ. 63 ಮಿ.ಮೀ. ವ್ಯಾಸದ, 2 ಮಿ.ಮೀ. ದಪ್ಪದ ಪೈಪು ಮೀಟರಿಗೆ ಸುಮಾರು 1 ಕಿಲೊ ತೂಗುತ್ತದೆ. ಅದೇ ವ್ಯಾಸದ 1.5 ಮಿ.ಮೀ. ಉಕ್ಕಿನ ಪೈಪು 2.3 ಕಿಲೊ. ಕಾರಿಗೆ ಬೇಕಾಗುವುದು ಎರಡು ಮೂರು ಮೀಟರ್ ಮಾತ್ರ, ಹಾಗಾಗಿ ತೂಕದ ವ್ಯತ್ಯಾಸ ರ‍್ಯಾಲಿ ಓಡಿಸುವವರಿಗೆ ಮುಖ್ಯವಾದೀತೇ ಹೊರತು ಮನೆ ಗಾಡಿಗಲ್ಲ. ಅಲ್ಯೂಮಿನಿಯಂ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ ಎಂಬ ಹೊಗಳಿಕೆಯನ್ನೂ ಎಚ್ಚರದಿಂದ ಕೇಳಬೇಕು. ಬಾನೆಟ್ಟಿನೊಳಗಿನ ಬಿಸಿಯಲ್ಲಿ ಕೂತ ತಂಪು ಬದಿಯ ಪೈಪು ಅದೇ ಗುಣದಿಂದ ಶಾಖವನ್ನು ಒಳಗೂ ಎಳೆದುಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಶಾಖವನ್ನು ಅಲ್ಯೂಮಿನಿಯಂನ ಹತ್ತನೇ ಒಂದು ಭಾಗದಷ್ಟೂ ಸಾಗಿಸುವುದಿಲ್ಲ, ತುಕ್ಕನ್ನೂ ತಡೆಯುತ್ತದೆ, ಆದರೆ ದುಬಾರಿ.

ಉಳಿದದ್ದು ಮೈಲ್ಡ್ ಸ್ಟೀಲ್. ಈ ಸೀಮೆಗೆ ಇದೇ ಸರಿಯಾದ ಅಗ್ಗದ ಆಯ್ಕೆ. ಇದಕ್ಕೆ ಕಾರಣ ಪೈಪಿನ ಬೆಲೆಗಿಂತ ಹೆಚ್ಚಾಗಿ ವೆಲ್ಡಿಂಗ್. ಅಲ್ಯೂಮಿನಿಯಂಗೆ ಆರ್ಗಾನ್ ವೆಲ್ಡಿಂಗ್ ಬೇಕು, ಅದಕ್ಕೆ ತಕ್ಕ ಯಂತ್ರ, ಪಳಗಿದ ಕೈ ಬೇಕು. ಅಂಥ ಕೆಲಸಕ್ಕೆ ಹುಬ್ಬಳ್ಳಿಯಂಥ ದೊಡ್ಡ ಊರಿಗೆ ಹೋಗಬೇಕಾಗುತ್ತದೆ. ಟ್ರ್ಯಾಲಿ, ನೇಗಿಲು ರಿಪೇರಿ ಮಾಡುವ ವೆಲ್ಡಿಂಗ್ ಶಾಪಿನಲ್ಲೂ ಮೈಲ್ಡ್ ಸ್ಟೀಲ್ ಬೆಸೆಯಬಹುದು. ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರು ಟ್ರ್ಯಾಲಿಗಳಿಗೆ ಇಂಥ ಕೆಲಸ ನಿತ್ಯವೂ ಬೇಕು. ಪೈಪಿನ ಬ್ರ್ಯಾಕೆಟ್ ಮುರಿದರೆ, ಬೆಂಡಿನಲ್ಲಿ ಬಿರುಕು ಬಿಟ್ಟರೆ ಅದೇ ದಿನ ಸರಿಪಡಿಸಿಕೊಳ್ಳಬಹುದಾದ ಲೋಹವನ್ನೇ ಹಾಕಿಸಬೇಕು.

ಮೈಲ್ಡ್ ಸ್ಟೀಲ್ ಎಂದರೆ ಸೈಲೆನ್ಸರಿಗೆ ಬಳಸುವ 16 ಗೇಜಿನ ಪೈಪು. ನೀರಿನ ಜಿಐ ಪೈಪು ಅಲ್ಲ. ಜಿಐ ಪೈಪಿನ ಸತುವಿನ ಲೇಪ ಬೆಸೆಯುವಾಗ ವಿಷದ ಹೊಗೆ ಬಿಡುತ್ತದೆ, ಆಮೇಲೆ ಪದರ ಪದರವಾಗಿ ಏಳುತ್ತದೆ. ತೆಳು ಪೈಪಿಗೆ ಮಿಗ್ ಅಥವಾ ಗ್ಯಾಸ್ ವೆಲ್ಡಿಂಗ್ ಒಳ್ಳೆಯದು, ಸಾಮಾನ್ಯ ಆರ್ಕ್ ವೆಲ್ಡಿಂಗಿನಲ್ಲಿ ಪೈಪು ತೂತಾಗುವ ಸಂಭವ ಹೆಚ್ಚು. ಬೆಸೆದಾದ ಮೇಲೆ ಒಳಗಿನ ಕಿಟ್ಟವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಗಾಳಿ ಹಾಯಿಸಿ ತೆಗೆಯಬೇಕು. ಏರ್ ಫಿಲ್ಟರ್ ಇರುವುದು ಟರ್ಬೊಗೂ ಮುಂಚೆ. ಅದರ ನಂತರ ಪೈಪಿನಲ್ಲಿ ಬಿಟ್ಟ ಒಂದು ಕಣವನ್ನೂ ತಡೆಯುವವರಿಲ್ಲ. ಮಳೆಗಾಲದ ತೇವಕ್ಕೆ ಹೊರಗಡೆ ಪ್ರೈಮರ್, ಬಣ್ಣ ಬೇಕೇ ಬೇಕು. ಒಳಗೆ ಬಣ್ಣ ಬಳಿಯಬಾರದು, ಎದ್ದು ಬಂದರೆ ಎಂಜಿನ್ನಿಗೇ ಹೋಗುತ್ತದೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಉಕ್ಕಿನ ಪೈಪಿನ ಒಳಮೈ ತುಕ್ಕು ಹಿಡಿಯುತ್ತದೆ. ಅಂಥವರಿಗೆ ಸ್ಟೇನ್‌ಲೆಸ್ ಸ್ಟೀಲಿನ ಹೆಚ್ಚಿನ ಖರ್ಚು ನ್ಯಾಯವಾದದ್ದೇ.

ಲೋಹದಲ್ಲಿ ಉಳಿಸಿದ ಹಣವನ್ನು ಜೋಡಣೆಗೆ ಹಾಕಬೇಕು. ಪೈಪು ನಡುವೆ ಒಡೆಯುವುದು ಅಪರೂಪ, ಕಳಚಿಕೊಳ್ಳುವುದು ತುದಿಯಲ್ಲಿ. 63 ಮಿ.ಮೀ. ಪೈಪಿನ ಬಾಯಿಯ ಮೇಲೆ 1.2 ಬಾರ್ ಒತ್ತಡ ಬಿದ್ದರೆ ಅದು ಸುಮಾರು 38 ಕಿಲೊ ತೂಕದ ಬಲ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಆ ಬಲ ಪೈಪಿನ ತುದಿಗೆ ಜೋಡಿಸಿದ ಹೋಸನ್ನು ಹೊರಕ್ಕೆ ತಳ್ಳುತ್ತದೆ, ಬಿಟ್ಟಾಗ ಸಡಿಲುತ್ತದೆ. ನುಣುಪಾದ ತುದಿಯ ಮೇಲೆ ಹೋಸು ನಿಲ್ಲುವುದಿಲ್ಲ. ತುದಿಯ ಸುತ್ತ ಉಬ್ಬಿದ ಅಂಚು ಮಾಡಿಸಬೇಕು. ಅಂಚು ಮಡಿಸುವ ಉಪಕರಣ ಇಲ್ಲದಿದ್ದರೆ ವೆಲ್ಡಿಂಗ್ ಎಳೆ ಹಾಕಿ, ಚೂಪು ಉಳಿಯದಂತೆ ಉಜ್ಜಿದರೂ ನಡೆಯುತ್ತದೆ. ಹೋಸು ಆ ಅಂಚನ್ನು ದಾಟಿ ಕೂತ ಮೇಲೆ ಕ್ಲಾಂಪು ಅಂಚಿನ ಹಿಂದೆ ಬಿಗಿಯಬೇಕು. ಸ್ಕ್ರೂಡ್ರೈವರಿನಿಂದ ಬಿಗಿಯುವ ಸಾದಾ ಕ್ಲಾಂಪಿನ ಸೀಳುಗಳು ಸಿಲಿಕೋನ್ ಹೋಸನ್ನು ಕೊರೆಯುತ್ತವೆ. ನಟ್ಟು ಬೋಲ್ಟಿನ ಟಿ-ಬೋಲ್ಟ್ ಕ್ಲಾಂಪು ಸುತ್ತಲೂ ಸಮವಾಗಿ ಹಿಡಿಯುತ್ತದೆ.

ಜೋಡಣೆಗೆ ನಾಲ್ಕು ಪದರದ ಸಿಲಿಕೋನ್ ಹೋಸು ಸಾಕು. ಅದು ಸುಮಾರು 180 ಡಿಗ್ರಿವರೆಗೆ ತಾಳುತ್ತದೆ. ಡೀಸೆಲ್ ಗಾಡಿಯಲ್ಲಿ, ಟರ್ಬೊ ಹತ್ತಿರದ ಹೋಸಿಗೆ ಒಳಗೆ ಫ್ಲೋರೊಸಿಲಿಕೋನ್ ಪದರ ಇರುವುದನ್ನು ಕೇಳಿ ಕೊಳ್ಳಬೇಕು. ಸಾದಾ ಸಿಲಿಕೋನ್ ಎಣ್ಣೆಯನ್ನು ಹೀರಿ ಹೊರಗೆ ಬೆವರುತ್ತದೆ. ಎಂಜಿನ್ ಅಲುಗಾಡುತ್ತದೆ, ಇಂಟರ್‌ಕೂಲರ್ ಬಾಡಿಗೆ ಬಿಗಿದಿರುತ್ತದೆ. ಆದ್ದರಿಂದ ಎರಡರ ನಡುವೆ ಪೂರ್ತಿ ಲೋಹವೇ ಇರಬಾರದು, ಬಾಗುವ ತುಂಡು ಒಂದಾದರೂ ಇರಬೇಕು. ಪೈಪಿನ ಅಗಲವನ್ನು ಮನಸ್ಸಿಗೆ ಬಂದಂತೆ ಹೆಚ್ಚಿಸುವುದೂ ಬೇಡ. ಪ್ರತಿ ಹೆಚ್ಚುವರಿ ಲೀಟರ್ ಜಾಗವನ್ನೂ ಟರ್ಬೊ ತುಂಬಬೇಕು, ಅಷ್ಟರಲ್ಲಿ ಎಳೆತ ತಡವಾಗುತ್ತದೆ.

ಎಂಜಿನ್ನಿನಲ್ಲಿ ಬೇರೇನೂ ಬದಲಾಯಿಸದೆ ಒಡೆದ ಹೋಸನ್ನಷ್ಟೇ ಬದಲಿಸುವವರು ಕಂಪನಿಯದೇ ರಬ್ಬರ್ ಹೋಸ್ ಹಾಕಿಸುವುದು ಹೆಚ್ಚಾಗಿ ಎಲ್ಲಕ್ಕಿಂತ ಅಗ್ಗ. ವಾರಂಟಿ ಇರುವ ಗಾಡಿಗೆ ಅದೊಂದೇ ದಾರಿ. ಎಂಜಿನ್ನನ್ನೇ ಬದಲಿಸುವ ಮಟ್ಟದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ.

ಸೋರಿಕೆಯ ಗುರುತು ಸುಲಭ. ಏರಿನಲ್ಲಿ ಬುಸ್ಸೆನ್ನುವ ಸದ್ದು, ಡೀಸೆಲ್ ಆದರೆ ಕಪ್ಪು ಹೊಗೆ, ಎಳೆತದ ಕೊರತೆ. ಬಾನೆಟ್ ಎತ್ತಿ ನೋಡಿದರೆ ಸೋರುವ ಕ್ಲಾಂಪಿನ ಸುತ್ತ ಎಣ್ಣೆಗೆ ಕೆಂಪು ಧೂಳು ಅಂಟಿ ಬಳೆಯಂತೆ ಕಟ್ಟಿರುತ್ತದೆ; ಗಟ್ಟಿ ಜೋಡಣೆ ಒಣಗಿರುತ್ತದೆ. ಅನುಮಾನವಿದ್ದರೆ ಟರ್ಬೊ ಬಾಯಿಗೆ ಮುಚ್ಚಳ ಬಿಗಿದು, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ರೆಗ್ಯುಲೇಟರ್ ಮೂಲಕ ಅರ್ಧ ಬಾರಿನಷ್ಟು ಗಾಳಿ ತುಂಬಿಸಿ, ಸೋಪಿನ ನೀರು ಹಚ್ಚಬೇಕು. ಹೊಸ ಪೈಪು ಹಾಕಿಸಿದವರು ಮೊದಲ ಸಲ ಘಟ್ಟ ಹತ್ತಿಳಿದ ಮೇಲೆ, ಎಂಜಿನ್ ಪೂರ್ತಿ ಆರಿದಾಗ, ಎಲ್ಲ ಕ್ಲಾಂಪುಗಳನ್ನು ಇನ್ನೊಮ್ಮೆ ಬಿಗಿಸಬೇಕು, ಏಕೆಂದರೆ ಸಿಲಿಕೋನ್ ಶಾಖ ಕಂಡ ಮೇಲೆ ತುಸು ಕುಗ್ಗಿ ಕೂರುತ್ತದೆ.